ಪದಕ್ಕೆ ತಲೆಯೂ ಉಂಟು, ಬಾಲವೂ ಉಂಟು

ಮಳೆಗಾಲದ ಒಂದು ಭಾನುವಾರ. ದಹಿಸರ್ ಪೂರ್ವದ ನಮ್ಮ ಕಟ್ಟಡದಲ್ಲೇ ಇರುವ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಇಂಗ್ಲಿಷ್ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು, ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿ ಒಬ್ಬ ರಾಜನ ಪುಟ್ಟ ಕಥೆ, ಕಥೆಯ ಕೆಳಗೆ ಐದು ಪ್ರಶ್ನೆಗಳು. ಪ್ರಜೆಗಳು ಊರು ಬಿಟ್ಟು ಹೋದದ್ದೇಕೆ ಎಂಬ ಪ್ರಶ್ನೆಗೆ ಈಕೆ ಬರೆದ ಉತ್ತರ: ರಾಜನು ಬಹಳ ದಯಾಳುವಾಗಿದ್ದ, ಅದಕ್ಕೆ! ಟೀಚರ್ ಆ ಉತ್ತರವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರಂತೆ. ಮಕ್ಕಳೆಲ್ಲ ನಕ್ಕರಂತೆ. “ನನಗೆ ಇಂಗ್ಲಿಷ್ ಬರುವುದೇ ಇಲ್ಲ” ಎಂದು ಹುಡುಗಿ ಕಣ್ಣೀರು ತುಂಬಿಕೊಂಡಳು.

ಕಥೆಯಲ್ಲಿದ್ದ ಪದ ‘ಅನ್‌ಕೈಂಡ್’. ಅದನ್ನು ಓದು ಎಂದೆ. ಒಂದು ತಪ್ಪೂ ಇಲ್ಲದೆ ಓದಿದಳು. ಅರ್ಥವೇನು ಎಂದೆ. “ಕೈಂಡ್ ಅಂದ್ರೆ ದಯೆ ಇರೋದು” ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಪದದ ಮುಂದೆ ನಿಂತಿದ್ದ ‘ಅನ್’ ಅವಳ ಬಾಯಿಗೆ ಸಿಕ್ಕಿತ್ತೇ ಹೊರತು ಮನಸ್ಸಿಗೆ ಸಿಕ್ಕಿರಲಿಲ್ಲ. ಎರಡೇ ಅಕ್ಷರ, ಅದನ್ನು ದಾಟಿ ಹೋದದ್ದರಿಂದ ಕ್ರೂರ ರಾಜ ಧರ್ಮರಾಯನಾಗಿಬಿಟ್ಟ!

ಯುವಮಿತ್ರರೇ, ಇದನ್ನು ನಿಮಗೆ ಹೇಳಲು ಕಾರಣವಿದೆ. ನಿಮ್ಮಲ್ಲಿ ಹಲವರು ಮುಂಬಯಿಯಲ್ಲೇ ಹುಟ್ಟಿ, ಇಲ್ಲೇ ಕಲಿತವರು. ಮನೆಯಲ್ಲಿ ಕನ್ನಡ ಅಥವಾ ತುಳು, ಗೆಳೆಯರೊಡನೆ ಮರಾಠಿ, ಬೀದಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಇದನ್ನು ಕೆಲವರು ಕಲಸುಮೇಲೋಗರ ಎಂದು ಹಾಸ್ಯ ಮಾಡುತ್ತಾರೆ. ಆದರೆ ಇಂಥ ಮಗುವಿಗೆ ಇಂಗ್ಲಿಷ್ ಹೇಳಿಕೊಡಲು ನಿಮಗಿಂತ ಯೋಗ್ಯರು ಬೇರಿಲ್ಲ. ಹೇಗೆಂದು ನೋಡೋಣ.

ನಮ್ಮ ‘ಇಲ್ಲ’ ಕೊನೆಯಲ್ಲಿ

ಆ ಹುಡುಗಿ ಅಳುತ್ತಾ ಹೇಳಿದ ಮಾತನ್ನೇ ಮತ್ತೊಮ್ಮೆ ಕೇಳಿ: ಬರುವುದೇ ಇಲ್ಲ. ‘ಇಲ್ಲ’ ಬಂದದ್ದು ಕಟ್ಟಕಡೆಗೆ. ಕನ್ನಡದ ಸ್ವಭಾವವೇ ಹಾಗೆ. ‘ಹೋಗುತ್ತೇನೆ’ ಎಂಬುದರ ಎದುರು ‘ಹೋಗುವುದಿಲ್ಲ’. ‘ತಿಂದು’ ಎಂಬುದರ ಎದುರು ‘ತಿನ್ನದೆ’. ‘ಓದಿದ’ ಎಂಬುದರ ಎದುರು ‘ಓದದ’. ‘ಬೇಕು’ ಎಂಬುದರ ಎದುರು ‘ಬೇಡ’. ತುಳುವಿನಲ್ಲಿ ‘ಬೋಡು’ ಎಂಬುದಕ್ಕೆ ‘ಬೋಡ್ಚಿ’. ಮರಾಠಿಯವರೂ ‘ಮಾಹೀತ್ ನಾಹೀ’ ಎಂದು ‘ನಾಹೀ’ಯನ್ನು ಕೊನೆಗೇ ಇಡುತ್ತಾರೆ. ಹೀಗೆ ನಮ್ಮ ಮನೆಯ ಮಗು ಹುಟ್ಟಿದಂದಿನಿಂದ ‘ಇಲ್ಲ’ಕ್ಕಾಗಿ ಮಾತಿನ ತುದಿಯಲ್ಲಿ ಕಿವಿಗೊಟ್ಟು ಬೆಳೆದಿರುತ್ತದೆ.

ಇಂಗ್ಲಿಷ್ ಪದದಲ್ಲಿ ಹಲವು ವೇಳೆ ‘ಇಲ್ಲ’ ಬಾಗಿಲಲ್ಲೇ ನಿಂತಿರುತ್ತದೆ: ಅನ್‌ಹ್ಯಾಪಿ, ಡಿಸ್‌ಲೈಕ್, ಇಂಪಾಸಿಬಲ್. ಅಲ್ಲಿ ಕಿವಿಗೊಡಬೇಕು ಎಂದು ಯಾರಾದರೂ ಒಮ್ಮೆ ಹೇಳಿಕೊಡಬೇಕು. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: “ಮೀರಾ ರೋಡ್ ಕಡೆಯಿಂದ ಗಾಡಿಯಲ್ಲಿ ಬಂದರೆ ಮುಂಬಯಿಯೊಳಗೆ ಕಾಲಿಡುವ ಮೊದಲು ಏನು ಸಿಗುತ್ತದೆ?” “ದಹಿಸರ್ ನಾಕಾ!” “ಹಾಗಾದರೆ ಇಂಗ್ಲಿಷ್ ಪದಕ್ಕೂ ಕೆಲವೊಮ್ಮೆ ಒಂದು ನಾಕಾ ಇರುತ್ತದೆ. ಅಲ್ಲಿ ನಿಂತು ನೋಡಿ ಆಮೇಲೆ ಒಳಗೆ ಹೋಗು.” ಅಂದಿನಿಂದ ಅವಳಿಗೆ ಪ್ರಿಫಿಕ್ಸ್ ಎಂದರೆ ನಾಕಾ. ಪುಸ್ತಕದಲ್ಲಿರುವ ವ್ಯಾಖ್ಯೆಗಿಂತ ಇದು ಅವಳಿಗೆ ಚೆನ್ನಾಗಿ ನೆನಪಿದೆ.

ಬಾಲದ ವಿಷಯ ನಮಗೆ ಹೊಸತಲ್ಲ

ಪದದ ಹಿಂದೆ ಸೇರುವ ಪ್ರತ್ಯಯ, ಅಂದರೆ ಸಫಿಕ್ಸ್, ಕನ್ನಡದ ಮಗುವಿಗೆ ಏನೂ ಹೊಸತಲ್ಲ. ನಮ್ಮ ಭಾಷೆ ನಡೆಯುವುದೇ ಪ್ರತ್ಯಯಗಳ ಬಲದಿಂದ. ಮನೆ, ಮನೆಯಲ್ಲಿ, ಮನೆಯಿಂದ, ಮನೆಗಳಿಗೆ ಎಂದು ಒಂದರ ಹಿಂದೆ ಒಂದು ಕೊಂಡಿ ಸೇರಿಸುತ್ತಾ ಹೋಗುತ್ತೇವೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಹೆಸರುಗಳಿಗೆ ಪ್ರತ್ಯಯ ಸೇರಿ ಹೊಸ ಪದ ಹುಟ್ಟುವ ಬಗೆಗೆ ‘ತದ್ಧಿತ’ವೆಂಬ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಿಂದ ಅಚ್ಚು ಹಾಕಿಸಿ ಹೊರತಂದವರು, ಮುಂದೆ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಜರ್ಮನಿಯ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್.

ಮುಂಬಯಿಯ ಮಕ್ಕಳಿಗಂತೂ ಇನ್ನೂ ಸುಲಭ. ‘ಟೀಚ್’ಗೆ ‘ಅರ್’ ಸೇರಿ ‘ಟೀಚರ್’ ಆಯಿತು, ‘ಡ್ರೈವ್’ ಮಾಡುವವನು ‘ಡ್ರೈವರ್’ ಆದ ಎಂದು ಹೇಳಿ, ಇದೇ ಕೆಲಸ ಮಾಡುವ ತುಂಡು ನಮ್ಮಲ್ಲಿ ಯಾವುದಿದೆ ಎಂದು ಕೇಳಿದೆ. ತಕ್ಷಣ ಉತ್ತರ ಬಂತು: “ವಾಲಾ!” ರಿಕ್ಷಾವಾಲಾ, ದೂಧ್‌ವಾಲಾ, ಡಬ್ಬಾವಾಲಾ. ಹಾಗಾದರೆ ಕನ್ನಡದಲ್ಲಿ? ಸ್ವಲ್ಪ ಯೋಚಿಸಿ “ಹಾಡುಗಾರ” ಎಂದಳು. ಮಾತುಗಾರ, ಮೋಸಗಾರ, ಓಟಗಾರ ಒಂದೊಂದಾಗಿ ಹೊರಬಂದವು. ಊರಿನ ಹೆಸರಿಗೆ ಮರಾಠಿಯ ‘ಕರ್’ ಸೇರಿ ‘ಮುಂಬಯಿಕರ್’ ಆದಂತೆ ಕನ್ನಡಕ್ಕೆ ‘ಇಗ’ ಸೇರಿ ‘ಕನ್ನಡಿಗ’ ಆಯಿತು ಎಂದಾಗ ಹುಡುಗಿಯ ಕಣ್ಣು ಅರಳಿತು. ‘ಬಡತನ’ದ ‘ತನ’ ಇಂಗ್ಲಿಷಿನ ‘ನೆಸ್’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಹೋಪ್‌ಲೆಸ್’ನ ‘ಲೆಸ್’ ನಮ್ಮ ‘ಇಲ್ಲದ’. ‘ಸ್ಲೋಲಿ’ಯ ‘ಲಿ’ ನಮ್ಮ ‘ನಿಧಾನವಾಗಿ’ಯಲ್ಲಿರುವ ‘ಆಗಿ’.

ಮಕ್ಕಳಿಗೆ ಈ ಜ್ಞಾನ ಹೇಳಿಕೊಡುವ ಮೊದಲೇ ಇರುತ್ತದೆ ಎಂಬುದನ್ನು ಅಮೆರಿಕದ ಜೀನ್ ಬರ್ಕೊ ಎಂಬಾಕೆ 1958ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತೋರಿಸಿಕೊಟ್ಟರು. ಅವರು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಕ್ಕಿಯಂಥ ಒಂದು ಚಿತ್ರ ತೋರಿಸಿ “ಇದು ವಗ್” ಎಂದರು. ಅಂಥ ಪದ ಇಂಗ್ಲಿಷಿನಲ್ಲಿಲ್ಲ, ಅದು ಅವರೇ ಕಟ್ಟಿದ್ದು. ಬಳಿಕ ಅಂಥವೇ ಎರಡನ್ನು ತೋರಿಸಿ “ಈಗ ಎರಡು ...” ಎಂದು ನಿಲ್ಲಿಸಿದರು. ಮಕ್ಕಳಲ್ಲಿ ಹೆಚ್ಚಿನವರು “ವಗ್ಸ್” ಎಂದು ಪೂರ್ತಿ ಮಾಡಿದರು. ಎಂದೂ ಕೇಳಿರದ ಪದಕ್ಕೂ ಸರಿಯಾದ ಬಾಲ ಹಚ್ಚುವ ಶಕ್ತಿ ಆ ಎಳೆಯ ವಯಸ್ಸಿನಲ್ಲೇ ಇದೆ ಎಂದಾಯಿತು. ಒಂದು ಭಾಷೆಯ ಮಗುವಿಗೇ ಇಷ್ಟು ಸಾಧ್ಯವಾದರೆ, ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳ ಗಂಟಿನಲ್ಲಿ ಎಷ್ಟಿರಬೇಡ!

ಎಷ್ಟು ಕಲಿಸಬೇಕು? ಯಾವುದು ಮೊದಲು?

ಮಹಾರಾಷ್ಟ್ರದಲ್ಲಿ ಮೊದಲು ಇಂಗ್ಲಿಷೇತರ ಮಾಧ್ಯಮದ ಶಾಲೆಗಳಲ್ಲಿ ಐದನೇ ಇಯತ್ತೆಯಿಂದ ಇಂಗ್ಲಿಷ್ ಕಲಿಸುತ್ತಿದ್ದರು. 2000ನೇ ಇಸವಿಯಿಂದ ಒಂದನೇ ಇಯತ್ತೆಗೇ ಅದು ಬಂತು. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತಾ ಬಂದಿದೆ. ಅವುಗಳಲ್ಲಿ ಕನ್ನಡವೂ ಒಂದು. ಮಗು ಯಾವ ಮಾಧ್ಯಮದಲ್ಲೇ ಓದಲಿ, ಮೂರು ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಉದ್ದುದ್ದ ಇಂಗ್ಲಿಷ್ ಪದಗಳು ಎದುರಾಗುತ್ತವೆ. ಎಲ್ಲವನ್ನೂ ಬಾಯಿಪಾಠ ಮಾಡಿಸುವುದು ಆಗಹೋಗದ ಮಾತು.

ಅಮೆರಿಕದ ಥಾಮಸ್ ವೈಟ್ ಮತ್ತು ಇಬ್ಬರು ಸಂಗಡಿಗರು 1989ರಲ್ಲಿ ಶಾಲಾಮಕ್ಕಳು ಓದುವ ಪುಸ್ತಕಗಳ ಪದಗಳನ್ನು ಲೆಕ್ಕ ಹಾಕಿ ನೋಡಿದರು. ಪ್ರಿಫಿಕ್ಸ್ ಇರುವ ಪದಗಳಲ್ಲಿ ಶೇಕಡಾ 58ರಷ್ಟು ಕೇವಲ ನಾಲ್ಕರಿಂದ ಆದವು: ಅನ್, ರೀ, ‘ಅಲ್ಲ’ ಎಂಬರ್ಥದ ಇನ್, ಮತ್ತು ಡಿಸ್. ಇಪ್ಪತ್ತು ಪ್ರಿಫಿಕ್ಸ್‌ಗಳಲ್ಲಿ ಶೇಕಡಾ 97ರಷ್ಟು ಪದಗಳು ಮುಗಿದುಹೋಗುತ್ತವೆ. ಬಾಲದ ಕಡೆಯೂ ಹೀಗೆಯೇ. ಬಹುವಚನದ ‘ಎಸ್’, ಭೂತಕಾಲದ ‘ಇಡಿ’ ಮತ್ತು ‘ಇಂಗ್’ ಈ ಮೂರೇ ಶೇಕಡಾ 65ರಷ್ಟು ಪದಗಳಲ್ಲಿ ಸಿಗುತ್ತವೆ. ಆದ್ದರಿಂದ ಮಗುವಿನ ಮುಂದೆ ಐವತ್ತು ಪ್ರಿಫಿಕ್ಸ್‌ಗಳ ಪಟ್ಟಿ ಇಟ್ಟು ಹೆದರಿಸುವ ಅಗತ್ಯವಿಲ್ಲ. ವಾರಕ್ಕೆ ಒಂದು ಸಾಕು.

ಒಂದು ಎರಡನೇ ಇಯತ್ತೆಯವರಿಗೆ ಬಾಲಗಳು ಮಾತ್ರ: ಎಸ್, ಇಂಗ್, ಇಡಿ, ಅರ್. ಮೂರನೆಯವರಿಗೆ ‘ಅನ್’ ಮತ್ತು ‘ರೀ’. ನಾಲ್ಕಕ್ಕೆ ಬಂದಾಗ ಡಿಸ್, ಫುಲ್, ಲೆಸ್, ನೆಸ್. ‘ಇನ್’ ಮತ್ತು ಅದರ ವೇಷಗಳನ್ನು ಕಡೆಗೆ ಇಟ್ಟುಕೊಳ್ಳಬಹುದು.

ಕಲಿಸಲು ಖರ್ಚೂ ಇಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಮೂಲಪದಕ್ಕೆ ಒಂದು ಬಣ್ಣ, ತಲೆಗೆ ಒಂದು, ಬಾಲಕ್ಕೆ ಒಂದು. ಮೊದಲು ಮೂಲಪದದ ಅರ್ಥ ಗಟ್ಟಿಯಾಗಲಿ. ‘ಕೈಂಡ್’ ಗೊತ್ತಿಲ್ಲದವನಿಗೆ ‘ಅನ್‌ಕೈಂಡ್’ ಹೇಳಿ ಫಲವಿಲ್ಲ. ಆಮೇಲೆ ಚೀಟಿ ಜೋಡಿಸಿ ಓದಿಸಿ, ಚೀಟಿ ತೆಗೆದು ಓದಿಸಿ, ಅರ್ಥ ಹೇಗೆ ಬದಲಾಯಿತೆಂದು ಮಗುವಿನ ಬಾಯಿಂದಲೇ ಮನೆಮಾತಿನಲ್ಲಿ ಹೇಳಿಸಿ. ಕೊನೆಗೆ ಒಂದು ವಾಕ್ಯ ಮಾಡಿಸಿ. ಉದಾಹರಣೆಗಳನ್ನು ದೂರದಿಂದ ತರಬೇಡಿ. ಅಪ್ಪನ ಮೊಬೈಲಿನ ‘ಪ್ರೀಪೇಯ್ಡ್’ ಎಂದರೆ ಮೊದಲೇ ಹಣ ಕೊಟ್ಟದ್ದು, ‘ರೀಚಾರ್ಜ್’ ಎಂದರೆ ಮತ್ತೆ ತುಂಬಿಸಿದ್ದು. ಈ ಎರಡೂ ಮಗುವಿಗೆ ಆಗಲೇ ಗೊತ್ತು. ಗೊತ್ತಿದೆ ಎಂಬುದೇ ಗೊತ್ತಿಲ್ಲ, ಅಷ್ಟೆ.

ಎಡವುವ ಕಲ್ಲುಗಳು

ಎರಡು ವಾರ ಕಳೆದ ಮೇಲೆ ಹುಡುಗಿ ಎಲ್ಲೆಲ್ಲೂ ‘ನಾಕಾ’ ಹುಡುಕತೊಡಗಿದಳು. “ಅಂಕಲ್ ಅನ್ನೋ ಪದಕ್ಕೂ ಮುಂದೆ ಯು ಎನ್ ಉಂಟಲ್ಲ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಪರೀಕ್ಷೆಗಳಿವೆ. ತಲೆ ಅಥವಾ ಬಾಲ ತೆಗೆದಾಗ ಉಳಿಯುವುದು ಒಂದು ಪದವಾಗಿರಬೇಕು. ಅಂಕಲ್‌ನಲ್ಲಿ ಯು ಎನ್ ತೆಗೆದರೆ ಉಳಿಯುವ ಸಿ ಎಲ್ ಇ ಎಂಬುದಕ್ಕೆ ಅರ್ಥವಿಲ್ಲ. ಎರಡನೆಯದಾಗಿ, ಉಳಿದ ಪದಕ್ಕೂ ಇಡೀ ಪದಕ್ಕೂ ಅರ್ಥದ ನಂಟಿರಬೇಕು. ‘ಕಾರ್ನರ್’ನಲ್ಲಿ ‘ಅರ್’ ತೆಗೆದರೆ ‘ಕಾರ್ನ್’ ಉಳಿಯುತ್ತದೆ ನಿಜ. ಆದರೆ ಕಾರ್ನರ್ ಎಂದರೆ ಭುಟ್ಟಾ ಮಾರುವವನಲ್ಲ! ‘ಕುಕರ್’ ಎಂದರೆ ಅಡುಗೆಯವನೂ ಅಲ್ಲ. ಅಡುಗೆಯವನು ‘ಕುಕ್’, ಸೀಟಿ ಹೊಡೆಯುವ ಪಾತ್ರೆ ‘ಕುಕರ್’. ಇಂಥವನ್ನು ನಗುತ್ತಾ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಸ್ಪೆಲಿಂಗ್ ಬದಲಾಗುವುದು ಇನ್ನೊಂದು ತೊಡಕು. ‘ಹ್ಯಾಪಿ’ಯ ಕೊನೆಯ ವೈ ಅಕ್ಷರ ‘ಹ್ಯಾಪಿನೆಸ್’ ಆಗುವಾಗ ಐ ಆಗುತ್ತದೆ. ಏಕೆ ಎಂದು ಮಗು ಕೇಳಿದರೆ ನಮ್ಮ ಸಂಧಿಯನ್ನು ನೆನಪಿಸಿ. ಮನೆ ಮತ್ತು ಅಲ್ಲಿ ಸೇರಿದಾಗ ನಡುವೆ ‘ಯ’ಕಾರ ಬಂದು ‘ಮನೆಯಲ್ಲಿ’ ಆಗುತ್ತದೆ. ಗುರುವಿಗೆ ‘ಅನ್ನು’ ಸೇರಿದರೆ ‘ವ’ಕಾರ ಬಂದು ‘ಗುರುವನ್ನು’ ಆಗುತ್ತದೆ. ಎರಡು ತುಂಡುಗಳು ಬೆಸೆಯುವಾಗ ಅಂಚು ಸ್ವಲ್ಪ ಬದಲಾಗುವುದು ಎಲ್ಲ ಭಾಷೆಗಳಲ್ಲೂ ಕಾಣುವ ಸಂಗತಿ. ‘ಇನ್’ ಎಂಬುದು ‘ಪಾಸಿಬಲ್’ನ ಮುಂದೆ ‘ಇಮ್’, ‘ಲೀಗಲ್’ನ ಮುಂದೆ ‘ಇಲ್’, ‘ರೆಗ್ಯುಲರ್’ನ ಮುಂದೆ ‘ಇರ್’ ಆಗುವುದೂ ಅದೇ ಕಾರಣಕ್ಕೆ. ‘ಸಮ್’ ಎಂಬುದು ‘ಲಾಪ’ದೊಡನೆ ಸೇರಿ ‘ಸಲ್ಲಾಪ’ವಾದ ಹಾಗೆ.

ನಮ್ಮಲ್ಲೂ ತಲೆಗಳು ಇಲ್ಲದಿಲ್ಲ

ಕನ್ನಡದಲ್ಲಿ ಮುಂದೆ ಸೇರುವ ತುಂಡುಗಳೇ ಇಲ್ಲವೆಂದು ಭಾವಿಸಬಾರದು. ಸಂಸ್ಕೃತದಿಂದ ಬಂದ ಉಪಸರ್ಗಗಳು ದಂಡಿಯಾಗಿವೆ. ಸಂಸ್ಕೃತ ವೈಯಾಕರಣರು 22 ಉಪಸರ್ಗಗಳನ್ನು ಪಟ್ಟಿ ಮಾಡಿದ್ದಾರೆ. ‘ಹಾರ’ ಎಂಬ ಒಂದೇ ರೂಪಕ್ಕೆ ಬೇರೆ ಬೇರೆ ಉಪಸರ್ಗ ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂದು ಒಂದಕ್ಕೊಂದು ಸಂಬಂಧವಿಲ್ಲದಂಥ ಅರ್ಥಗಳಾಗುತ್ತವೆ. ನಮ್ಮ ಹಿರಿಯರು ಈ ಮಹಾನಗರಿಯಲ್ಲಿ ಬೆವರು ಸುರಿಸಿ ಕಟ್ಟಿದ ‘ಉಪಾಹಾರ ಗೃಹ’ಗಳ ಹೆಸರಿನಲ್ಲೇ ‘ಉಪ’ ಮತ್ತು ‘ಆ’ ಎಂಬ ಎರಡು ಉಪಸರ್ಗಗಳಿವೆ. ಫಾರಸಿ, ಅರಬ್ಬಿಗಳ ಕಡೆಯಿಂದ ‘ಬೇಜವಾಬ್ದಾರಿ’ಯ ‘ಬೇ’, ‘ಗೈರುಹಾಜರಿ’ಯ ‘ಗೈರು’, ‘ನಾಲಾಯಕ್’ಕಿನ ‘ನಾ’ ಬಂದಿವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ‘ಅನಾರೋಗ್ಯ’, ‘ಅನುಚಿತ’ ಪದಗಳಲ್ಲಿರುವ ಸಂಸ್ಕೃತದ ‘ಅನ್’ ಮತ್ತು ‘ಅನ್‌ಹ್ಯಾಪಿ’ಯ ಇಂಗ್ಲಿಷ್ ‘ಅನ್’ ಆಕಸ್ಮಿಕವಾಗಿ ಒಂದೇ ತರಹ ಕೇಳಿಸುವುದಲ್ಲ. ಲ್ಯಾಟಿನ್ನಿನ ‘ಇನ್’ ಕೂಡ ಸೇರಿದಂತೆ ಈ ಮೂರೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದ ದಾಯಾದಿಗಳು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಹಾಗಾಗಿ ‘ಅನಾರೋಗ್ಯ’ ಗೊತ್ತಿರುವ ಮಗುವಿಗೆ ‘ಅನ್‌ಹೆಲ್ದಿ’ಯ ಬಾಗಿಲು ಅರ್ಧ ತೆರೆದೇ ಇದೆ.

ಅಚ್ಚಕನ್ನಡದ್ದೂ ಇವೆ. ‘ರೀ’ ಎಂಬುದಕ್ಕೆ ‘ಮರು’: ಮರುಮದುವೆ, ಮರುಪಾವತಿ. ‘ಪ್ರೀ’ ಎಂಬಲ್ಲಿ ‘ಮುನ್’: ಮುನ್ನುಡಿ, ಮುನ್ಸೂಚನೆ. ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯದೆ ಅದರದೇ ನಡೆಯಲ್ಲಿ ನೋಡಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದರು. ಪದಗಳನ್ನು ಹೀಗೆ ಬಿಡಿಸಿ ನೋಡುವ ಹವ್ಯಾಸ ಹತ್ತಿದವರು ಆ ಪುಸ್ತಕವನ್ನೂ ಒಮ್ಮೆ ಕೈಗೆತ್ತಿಕೊಳ್ಳಬೇಕು.

ಅಣ್ಣನ ಸರದಿ

ಇಷ್ಟು ದಿನ ಈ ಪಾಠಗಳನ್ನು ಮೂಲೆಯಲ್ಲಿ ಮೊಬೈಲ್ ಹಿಡಿದು ಕೇಳುತ್ತಿದ್ದವನು ಹುಡುಗಿಯ ಅಣ್ಣ. ಎಸ್. ವೈ. ಬಿ. ಕಾಂ. ಓದುವ ಹುಡುಗ. ಇಂಗ್ಲಿಷ್ ನೀರು ಕುಡಿದಷ್ಟು ಸುಲಭ. ಕನ್ನಡ ಮಾತನಾಡುತ್ತಾನೆ, ಬರಹ ಮಾತ್ರ ಅಕ್ಷರ ಅಕ್ಷರ ಕೂಡಿಸಿ ಓದಬೇಕು. ದೀಪಾವಳಿಗೆ ಊರಿಗೆ ಹೋಗಲು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟಿಕೆಟಿನ ಮಾತು ಬಂದಾಗ, ರೈಲಿನ ಬೋಗಿಗಳ ಮೇಲೆ ಕಾಣುವ ‘ಅನ್‌ರಿಸರ್ವ್ಡ್’ ಪದವನ್ನು ಬಿಡಿಸಿ ಎಂದು ಇಬ್ಬರಿಗೂ ಹೇಳಿದೆ. ತಂಗಿ ‘ಅನ್’ ಒಂದು ಕಡೆ, ‘ಇಡಿ’ ಒಂದು ಕಡೆ ತೆಗೆದಿಟ್ಟಳು. ಆಗ ನಾನು ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದೆ: ಕಾಯ್ದಿರಿಸದ ಬೋಗಿ. ಅಣ್ಣನಿಗೆ ಓದಲು ಕೊಟ್ಟೆ.

ಅವನು ನಿಧಾನವಾಗಿ ಓದಿ, “ರಿಸರ್ವ್ ಮಾಡಿದ ಬೋಗಿ” ಎಂದ.

‘ಕಾಯ್ದಿರಿಸಿದ’ ಮತ್ತು ‘ಕಾಯ್ದಿರಿಸದ’. ನಡುವೆ ಇರುವ ವ್ಯತ್ಯಾಸ ‘ಸಿ’ಯ ಒಂದು ಗುಡಿಸು ಮಾತ್ರ. ಆ ಗುಡಿಸು ಇದ್ದರೆ ಸೀಟು ನಿಮ್ಮದು, ಇಲ್ಲದಿದ್ದರೆ ಉಡುಪಿಯವರೆಗೂ ನೂಕುನುಗ್ಗಲು. ಕನ್ನಡದ ‘ಇಲ್ಲ’ ಪದದ ಹಿಂಭಾಗದಲ್ಲಿ ಅಡಗಿ ಕುಳಿತಿತ್ತು. ಇಂಗ್ಲಿಷ್ ಓದಿನಲ್ಲಿ ಪಳಗಿದ ಅವನ ಕಣ್ಣು ಅದನ್ನು ದಾಟಿ ಹೋಯಿತು. ತಂಗಿ ಇಂಗ್ಲಿಷಿನಲ್ಲಿ ಮಾಡಿದ ತಪ್ಪನ್ನೇ ಅಣ್ಣ ಕನ್ನಡದಲ್ಲಿ ಮಾಡಿದ್ದ. ಅವಳು ನಗಲಿಲ್ಲ. ಕ್ಲಾಸಿನಲ್ಲಿ ನಗಿಸಿಕೊಂಡವಳಿಗೆ ಅದರ ನೋವು ಗೊತ್ತು. ಚೀಟಿಗಳನ್ನು ತಂದು ‘ಮಾಡಿದ, ಮಾಡದ’, ‘ಓದಿದ, ಓದದ’ ಎಂದು ಅಣ್ಣನಿಗೆ ಜೋಡಿಸಿ ತೋರಿಸತೊಡಗಿದಳು.

ಅಂದಿನಿಂದ ಭಾನುವಾರದ ಪಾಠ ಇಬ್ಬರದೂ ಆಯಿತು. ಅವನು ಅವಳಿಗೆ ಒಂದು ಇಂಗ್ಲಿಷ್ ಪದ ಬಿಡಿಸಿಕೊಡಬೇಕು, ಅವಳು ಅವನಿಂದ ಅದಕ್ಕೆ ಸಮನಾದ ಕನ್ನಡ ಪದ ಓದಿಸಬೇಕು. ನನ್ನ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ!

ಹೇಳಿಕೊಡುವವರು ಬೇಕು

ನಮ್ಮವರು ಹಿಂದೆ ಬರಿಗೈಯಲ್ಲಿ ಈ ಊರಿಗೆ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ನಮ್ಮ ಸಮಾಜದ ಸಂಸ್ಥೆಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಕುಳಿತು ಕಲಿತರು. ಆ ಶಾಲೆಗಳ ಬೆಳಕಿನಿಂದ ಎಷ್ಟೋ ಮನೆಗಳು ಬೆಳಗಿವೆ. ಅಂದು ಕಲಿಯಲು ಅವಕಾಶವೇ ಇರಲಿಲ್ಲ. ಇಂದು ಟ್ಯೂಷನ್ ಕ್ಲಾಸುಗಳು ಗಲ್ಲಿಗೊಂದಿವೆ, ಆದರೆ ಮಗುವಿನ ಮನೆಮಾತನ್ನು ಬಲ್ಲವರು ಅಲ್ಲಿ ಸಿಗುವುದು ಅಪರೂಪ. ‘ಅನ್’ ಏಕೆ ಕಾಣಲಿಲ್ಲ ಎಂದು ಅವರಿಗೆ ಹೊಳೆಯಲಾರದು. ನಿಮಗೆ ಹೊಳೆಯುತ್ತದೆ, ಏಕೆಂದರೆ ನಿಮ್ಮ ಅಜ್ಜಿಯ ಮಾತಿನ ಕೊನೆಯ ‘ಇಲ್ಲ’ವನ್ನೂ ನಿಮ್ಮ ಪಠ್ಯಪುಸ್ತಕದ ಮೊದಲ ‘ಅನ್’ ಅನ್ನೂ ಕೇಳಿ ಬೆಳೆದವರು ನೀವು.

ಭಾಷೆಯನ್ನು ಬಿಡಿಸಿ ನೋಡಬಲ್ಲವರಿಗೆ ಅದನ್ನು ಕಟ್ಟುವ ಧೈರ್ಯವೂ ಬರುತ್ತದೆ. ‘ಪೋಸ್ಟ್‌ಪೋನ್’ ಎಂಬುದಕ್ಕೆ ಎದುರಾಗಿ ‘ಪ್ರೀಪೋನ್’ ಎಂಬ ಪದವನ್ನು ಚಲಾವಣೆಗೆ ತಂದವರು ನಮ್ಮ ದೇಶದವರೇ. ಮೊದಲು ಅದನ್ನು ಕಂಡು ನಕ್ಕವರಿದ್ದರು. ಈಗ ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ.

ವಾರಕ್ಕೆ ಒಂದು ಗಂಟೆ ಸಾಕು. ನಿಮ್ಮ ಕಟ್ಟಡದಲ್ಲೋ ಚಾಳಿನಲ್ಲೋ ಇರುವ ಇಬ್ಬರು ಮೂವರು ಮಕ್ಕಳನ್ನು ಕೂರಿಸಿಕೊಳ್ಳಿ. ಹತ್ತು ಚೀಟಿ, ಒಂದು ಪ್ರಿಫಿಕ್ಸ್. ತಪ್ಪು ಹೇಳಿದ ಮಗುವಿನ ಮೇಲೆ ಯಾರೂ ನಗಬಾರದು ಎಂಬ ಒಂದು ನಿಯಮ. ಕನ್ನಡ ಪದ ನೆನಪಾಗದಿದ್ದರೆ ಮನೆಯ ಹಿರಿಯರನ್ನು ಕೇಳಿ; ಅವರಿಗೂ ಸಂತೋಷವಾಗುತ್ತದೆ. ‘ಹೊರನಾಡಿಗರು’ ಎಂದು ನಮ್ಮನ್ನು ಕರೆಯುತ್ತಾರಲ್ಲ, ಮೊದಲ ವಾರ ಆ ಪದವನ್ನೇ ಬಿಡಿಸಿ ನೋಡಿ. ಮುಂದೆ ‘ಹೊರ’, ಹಿಂದೆ ‘ಇಗ’ ಮತ್ತು ‘ಅರು’. ಎರಡೂ ಕಡೆಯ ಚೀಟಿಗಳನ್ನು ತೆಗೆದಿಟ್ಟರೆ ಏನು ಉಳಿಯುತ್ತದೆ ಎಂದು ಮಕ್ಕಳನ್ನೇ ಕೇಳಿ.